ಚಳಿಗೆ ಡೀಸೆಲ್ ಕಾರು ಯಾಕೆ ಸ್ಟಾರ್ಟ್ ಆಗಲ್ಲ? ಹೀಟರ್ ಪ್ಲಗ್ಗಿನ ಹಿಂದಿನ ಚರಿತ್ರೆ

ಇದು ಹೋದ ಭಾನುವಾರದ ವಿಡಿಯೊದ ಬರಹ ರೂಪ. ಬೋರ್ಡ್ ಮೇಲೆ ಬೇಗ ಬೇಗ ಬರೆದ ಲೆಕ್ಕವನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ದೆಹಲಿ, ನೊಯ್ಡಾ, ಗುರುಗ್ರಾಮದ ಕನ್ನಡದವರ ಗ್ರೂಪುಗಳಲ್ಲಿ ಡಿಸೆಂಬರ್ ಬಂತು ಅಂದ್ರೆ ಒಂದು ಮೆಸೇಜ್ ಗ್ಯಾರಂಟಿ. "ಸರ್, ಕುಫ್ರಿಲಿದ್ದೀವಿ, ಬೆಳಿಗ್ಗೆಯಿಂದ ಡೀಸೆಲ್ ಗಾಡಿ ಸ್ಟಾರ್ಟ್ ಆಗ್ತಿಲ್ಲ, ಏನ್ ಮಾಡ್ಲಿ?" ಐದು ನಿಮಿಷದಲ್ಲಿ ಹತ್ತು ಉತ್ತರ ಬಂದಿರುತ್ತೆ. ತಳ್ಳಿ. ಸೀಮೆಎಣ್ಣೆ ಬೆರೆಸಿ. ಏರ್ ಫಿಲ್ಟರ್ ತೆಗೆದು ಸ್ಪ್ರೇ ಹೊಡೀರಿ. ಟ್ಯಾಂಕಿನ ಕೆಳಗೆ ಸ್ವಲ್ಪ ಬೆಂಕಿ ಹಾಕಿ. ತಮಾಷೆ ಏನಪ್ಪಾ ಅಂದ್ರೆ, ಇದರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಒಂದೊಂದೂ ಒಂದೊಂದು ಕಾಲದ ಎಂಜಿನ್ನಿಗೆ ಹುಟ್ಟಿದ ಉಪಾಯ. ಆ ಕಾಲ ಯಾವುದು ಅಂತ ಗೊತ್ತಿಲ್ಲದೆ ಇವತ್ತಿನ ಗಾಡಿ ಮೇಲೆ ಪ್ರಯೋಗ ಮಾಡಿದ್ರೆ ಪಂಪು, ಇಂಜೆಕ್ಟರು ಎಲ್ಲ ಹೋಗಿ ಬಿಲ್ಲು ಲಕ್ಷ ಮುಟ್ಟಬಹುದು. ಬೆಂಕಿ ವಿಷಯದಲ್ಲಂತೂ ಹೋಗೋದು ದುಡ್ಡು ಮಾತ್ರ ಅಲ್ಲ.

ಆದ್ದರಿಂದ ಮೊದಲಿಂದ ಬರೋಣ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿನ ಪೇಟೆಂಟ್ ಪಡೆದದ್ದು 1893ರಲ್ಲಿ. ಅದೇ ವರ್ಷ ಜರ್ಮನಿಯ ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಮೊದಲ ಯಂತ್ರದ ಪರೀಕ್ಷೆ ಶುರುವಾಯ್ತು, ಆದರೆ ಅದು ಸ್ವಂತ ಬಲದಲ್ಲಿ ಓಡಲಿಲ್ಲ. ಒಪ್ಪುವಂಥ ಎಂಜಿನ್ ಬಂದಿದ್ದು 1897ರಲ್ಲಿ. ಮ್ಯೂನಿಕ್‌ನ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಅಳೆದು ನೋಡಿದಾಗ ಇಂಧನದ ಶಕ್ತಿಯಲ್ಲಿ ಸುಮಾರು 26 ಶೇಕಡಾ ಕೆಲಸಕ್ಕೆ ಸಿಗ್ತಿತ್ತು. ಆಗಿನ ಉಗಿ ಎಂಜಿನ್ನುಗಳ ಮುಂದೆ ಅದು ಎರಡು ಪಟ್ಟಿಗಿಂತ ಹೆಚ್ಚು.

ಡೀಸೆಲ್‌ನ ವಿಚಾರ ಸರಳ. ಸ್ಪಾರ್ಕ್ ಬೇಡ, ಜ್ವಾಲೆ ಬೇಡ. ಗಾಳಿಯನ್ನ ಜೋರಾಗಿ ಒತ್ತಿದ್ರೆ ಅದೇ ಕಾಯುತ್ತೆ. ಸೈಕಲ್ ಪಂಪ್ ಹೊಡೆದವರಿಗೆಲ್ಲ ತುದಿ ಬಿಸಿಯಾಗೋದು ಗೊತ್ತು. ಆ ಬಿಸಿಗೆ ಎಣ್ಣೆ ಚಿಮ್ಮಿಸಿದ್ರೆ ತಾನಾಗಿ ಹತ್ತಿಕೊಳ್ಳುತ್ತೆ. ಚಳಿಯ ತೊಂದರೆ ಇರೋದು ಇಲ್ಲೇ, ಮೂಲ ವಿಚಾರದ ಒಳಗೇ.

ಲೆಕ್ಕ ನೋಡಿ. ಗಾಳಿಯನ್ನ 16 ಪಟ್ಟು ಒತ್ತಿದ್ರೆ, ಗೋಡೆಗೆ ಹೋಗೋ ಶಾಖವನ್ನೂ ಹಿಡಿದು, ಅದರ ಕೆಲ್ವಿನ್ ತಾಪ ಸುಮಾರು 2.64 ಪಟ್ಟಾಗುತ್ತೆ. ಹೊರಗೆ 27 ಡಿಗ್ರಿ, ಅಂದ್ರೆ 300 ಕೆಲ್ವಿನ್ ಇದ್ದಾಗ ಒತ್ತಿದ ಗಾಳಿ 790 ಕೆಲ್ವಿನ್ ಆಸುಪಾಸು, ಅಂದ್ರೆ 520 ಡಿಗ್ರಿ ಮುಟ್ಟುತ್ತೆ. ಹೊರಗೆ ಮೈನಸ್ 3 ಇದ್ರೆ? 440. ಹೊರಗೆ 30 ಡಿಗ್ರಿ ಇಳಿದ್ರೆ ಒಳಗೆ ಸುಮಾರು 80 ಡಿಗ್ರಿ ಇಳೀತು. ಇದು ಎಂಜಿನ್ ಸರಿಯಾದ ವೇಗದಲ್ಲಿ ತಿರುಗಿದಾಗಿನ ಮಾತು. ಚಳಿಗೆ ಬ್ಯಾಟರಿ ಸೋತಿರುತ್ತೆ, ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತೆ, ಸೆಲ್ಫ್ ನಿಧಾನ ಎಳೆಯುತ್ತೆ. ನಿಧಾನ ಒತ್ತಿದ್ರೆ ಶಾಖ ಗೋಡೆಗೆ ಸೋರೋಕೆ, ಗಾಳಿ ರಿಂಗ್ ಪಕ್ಕದಲ್ಲಿ ನುಸುಳೋಕೆ ಸಮಯ ಜಾಸ್ತಿ. ಆ 440 ಇನ್ನೂ ಕೆಳಗಿಳಿಯುತ್ತೆ. ಡೀಸೆಲ್ ಹತ್ತಬೇಕಾಗಿರೋದು ಕೆಲವೇ ಮಿಲಿಸೆಕೆಂಡಿನಲ್ಲಿ. ಹತ್ತಲ್ಲ.

ರುಡಾಲ್ಫ್ ಡೀಸೆಲ್‌ಗೆ ಇದು ಅಷ್ಟು ತಲೆನೋವಾಗಲಿಲ್ಲ. ಅವನ ಎಂಜಿನ್ನುಗಳು ಕಾರ್ಖಾನೆಯಲ್ಲೋ ಹಡಗಲ್ಲೋ ಕೂತಿರೋ ದೈತ್ಯಗಳು. ಅದೇ ಕಾಲದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಆಕ್ರಾಯ್ಡ್ ಸ್ಟುವರ್ಟ್ ಬೇರೆ ದಾರಿ ಹಿಡಿದಿದ್ದ. ಅವನ ಎಂಜಿನ್ನಿನ ತಲೆ ಮೇಲೆ ಒಂದು ಕಬ್ಬಿಣದ ಬುರುಡೆ. ಸ್ಟಾರ್ಟ್ ಮಾಡೋ ಮೊದಲು ಅದನ್ನ ಬ್ಲೋ ಲ್ಯಾಂಪ್ ಹಿಡಿದು ನಿಮಿಷಗಟ್ಟಲೆ ಕಾಯಿಸಬೇಕು. 1921ರಲ್ಲಿ ಬಂದ ಲಾಂಜ್ ಬುಲ್‌ಡಾಗ್ ಟ್ರಾಕ್ಟರನ್ನೂ ಜರ್ಮನ್ ರೈತರು ಹೀಗೇ ಎಬ್ಬಿಸ್ತಿದ್ರು. ಎಂಜಿನ್ನಿಗೆ ಬೆಂಕಿ ತೋರಿಸೋ ಪದ್ಧತಿ ಇಷ್ಟು ಹಳೇದು. ಆಗ ಅದು ಕಂಪನಿಯೇ ಹೇಳಿಕೊಟ್ಟ ವಿಧಾನ.

ಕಾರಿನ ಕಥೆ ಶುರುವಾಗೋದು 1909ರಲ್ಲಿ, ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್‌ನಿಂದ. ಇವನ ಹೆಸರು ಯಾರಿಗೂ ಗೊತ್ತಿರಲ್ಲ, ನನಗೆ ಡೀಸೆಲ್‌ಗಿಂತ ಇವನೇ ಇಷ್ಟ. ಮುಖ್ಯ ಸಿಲಿಂಡರಿನ ಪಕ್ಕ ಒಂದು ಪುಟ್ಟ ಕೋಣೆ ಮಾಡಿ, ಎಣ್ಣೆಯನ್ನ ಮೊದಲು ಅಲ್ಲಿ ಹೊತ್ತಿಸಿ, ಆ ರಭಸಕ್ಕೆ ಉಳಿದದ್ದು ಸಿಲಿಂಡರಿಗೆ ನುಗ್ಗೋ ಹಾಗೆ ಮಾಡಿದ. ಎಣ್ಣೆ ಊದೋಕೆ ಬೇಕಿದ್ದ ದೊಡ್ಡ ಕಂಪ್ರೆಸರ್ ಅದರಿಂದ ಬೇಡವಾಯ್ತು, ಎಂಜಿನ್ ಚಿಕ್ಕದಾಯ್ತು. ಆದರೆ ಕೋಣೆ ಹೆಚ್ಚಿದ್ರೆ ಗೋಡೆ ಹೆಚ್ಚು, ಗೋಡೆ ಹೆಚ್ಚಿದ್ರೆ ಶಾಖ ಸೋರೋದೂ ಹೆಚ್ಚು. ತಣ್ಣಗಿದ್ದಾಗ ಹತ್ತೋದು ಮೊದಲಿಗಿಂತ ಕಷ್ಟ. ಹಾಗಾಗಿ ಆ ಕೋಣೆಯೊಳಗೆ ಕರೆಂಟಿನಲ್ಲಿ ಕೆಂಪಗೆ ಕಾಯೋ ಒಂದು ತಂತಿ ಇಟ್ರು. ಅದೇ ಗ್ಲೋ ಪ್ಲಗ್. ನಮ್ಮ ಮೆಕ್ಯಾನಿಕ್ ಭಾಷೆಯಲ್ಲಿ ಹೀಟರ್ ಪ್ಲಗ್.

1936ರಲ್ಲಿ ಬರ್ಲಿನ್ ಪ್ರದರ್ಶನಕ್ಕೆ ಬಂದ ಮರ್ಸಿಡಿಸ್ 260 ಡಿ ಇದೇ ಜಾತಿಯದ್ದು. 2.6 ಲೀಟರ್, 45 ಅಶ್ವಶಕ್ತಿ. ಟ್ಯಾಕ್ಸಿಯವರಿಗೆ ಬಹಳ ಇಷ್ಟವಾಯ್ತು. ಹಳೇ ಹೀಟರ್ ಪ್ಲಗ್ ಕಾಯೋಕೆ ಚಳಿಗಾಲದಲ್ಲಿ ಹತ್ತಿರ ಹತ್ತಿರ ಒಂದು ನಿಮಿಷ ಬೇಕಿತ್ತು. ಕೀ ತಿರುಗಿಸಿ ಸುಮ್ಮನೆ ಕೂರೋ ಆ ಹೊತ್ತಿಗೆ ಜರ್ಮನ್ನರು ಇಟ್ಟ ಹೆಸರು "ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ". ಮನುಷ್ಯ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾಗಿ, ಆಮೇಲೆ ಹೆಣವಾಗಿ ಸಿಕ್ಕಿದ್ದು ನೆನೆದರೆ ಈ ಜೋಕು ಸ್ವಲ್ಪ ಕಹಿ.

ಇಲ್ಲೊಂದು ಅಡ್ಡ ಮಾತು. 1941ರ ಮಾಸ್ಕೋ ಚಳಿಯಲ್ಲಿ ಜರ್ಮನ್ ಟ್ಯಾಂಕುಗಳ ಡೀಸೆಲ್ ಹೆಪ್ಪುಗಟ್ಟಿ ಹಿಟ್ಲರ್ ಸೋತ ಅನ್ನೋ ಫಾರ್ವರ್ಡ್ ಓಡಾಡುತ್ತೆ. ಆ ಪಾಂಜರ್ 3, ಪಾಂಜರ್ 4 ಓಡ್ತಿದ್ದಿದ್ದು ಪೆಟ್ರೋಲಿನಲ್ಲಿ. ಡೀಸೆಲ್ ಇದ್ದಿದ್ದು ರಷ್ಯನ್ನರ ಟಿ-34ರಲ್ಲಿ! ಬ್ಯಾಟರಿ ಕೈಕೊಟ್ರೆ ಸಿಲಿಂಡರಿಗೆ ನೇರ ಗಾಳಿ ನುಗ್ಗಿಸಿ ಎಂಜಿನ್ ತಿರುಗಿಸೋಕೆ ಅದರೊಳಗೆ ಒತ್ತಡದ ಗಾಳಿಯ ಬಾಟಲಿಗಳಿದ್ದವು.

ನಮ್ಮಲ್ಲಿ ಡೀಸೆಲ್ ಕಾರು ಅಂತ ಜನ ನೋಡಿದ್ದು ಅಂಬಾಸಿಡರ್ ಮೂಲಕ, 1980ರ ಆಸುಪಾಸಿನಲ್ಲಿ. 1489 ಸಿಸಿಯ ಬ್ರಿಟಿಷ್ ವಿನ್ಯಾಸದ ಎಂಜಿನ್, ಪಕ್ಕದ ಕೋಣೆಯ ಪದ್ಧತಿಯೇ. 1998ರ ಇಂಡಿಕಾ ಡೀಸೆಲ್ ಕೂಡ ಅದೇ ವಂಶ. ಇವುಗಳ ಪಂಪು ಪೂರ್ತಿ ಮೆಕ್ಯಾನಿಕಲ್. ಬೆಂಗಳೂರಿನವರಿಗೆ ಮೈಕೋ ಲೇಔಟ್ ಗೊತ್ತು, ಆ ಹೆಸರು ಎಲ್ಲಿಂದ ಬಂತು ಅಂತ ಪಿಜಿಯಲ್ಲಿದ್ದವರು ಕೇಳಿರಲ್ಲ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ತಯಾರಾಗ್ತಿದ್ದಿದ್ದು ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪು, ನಾಜಲ್ಲು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯ್ತು.

ಮೆಕ್ಯಾನಿಕಲ್ ಪಂಪಿನ ಗುಣ ಏನು? ಎಂಜಿನ್ ತಿರುಗಿದ್ರೆ ಅದೂ ತಿರುಗಿ ಎಣ್ಣೆ ಕಳಿಸುತ್ತೆ. ಹಾಗಾಗಿ ತಳ್ಳಿದ್ರೆ ಸ್ಟಾರ್ಟ್ ಆಗ್ತಿತ್ತು. ಸ್ವಲ್ಪ ಸೀಮೆಎಣ್ಣೆ ಬೆರೆತರೂ ಹೇಗೋ ತಡೀತಿತ್ತು. ಟ್ಯಾಂಕು ತಗಡಿನದ್ದು, ಲಾರಿಯವರು ಗುಡ್ಡದ ಮೇಲೆ ಕೆಳಗೆ ಬೆಂಕಿ ಇಟ್ಟು ಬಚಾವಾಗ್ತಿದ್ರು. ನಿಮ್ಮ ಗ್ರೂಪಿನ ಹಿರಿಯರು ಸುಳ್ಳು ಹೇಳ್ತಿಲ್ಲ. ಅವರು ಈ ಗಾಡಿಯ ನೆನಪಲ್ಲಿ ಮಾತಾಡ್ತಿದ್ದಾರೆ.

1997ರಲ್ಲಿ ಆಲ್ಫಾ ರೋಮಿಯೋ 156 ಕಾಮನ್ ರೈಲ್ ತಂತು. ನಮ್ಮ ಊರುಗಳಿಗೆ ಅದನ್ನ ಮನೆಮನೆಗೆ ತಲುಪಿಸಿದ್ದು 2007ರ ಸ್ವಿಫ್ಟ್ ಡೀಸೆಲ್‌ನಲ್ಲಿದ್ದ ಫಿಯಟ್‌ನ 1.3 ಎಂಜಿನ್. ಪಂಪು ಡೀಸೆಲ್ಲನ್ನ ಸಾವಿರಕ್ಕೂ ಮೇಲೆ ಬಾರ್ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ತುಂಬಿಡುತ್ತೆ, ಯಾವಾಗ ಎಷ್ಟು ಚಿಮ್ಮಬೇಕು ಅಂತ ಕಂಪ್ಯೂಟರ್ ಹೇಳುತ್ತೆ. ಪಕ್ಕದ ಕೋಣೆ ಹೋಯ್ತು, ಶಾಖ ಸೋರೋದು ಕಮ್ಮಿಯಾಯ್ತು. ಹೀಟರ್ ಪ್ಲಗ್ ಕೆಲವೇ ಸೆಕೆಂಡಿನಲ್ಲಿ ಕೆಂಪಾಗುತ್ತೆ. ಆದರೆ ಹಳೇ ಉಪಾಯಗಳೆಲ್ಲ ಇಲ್ಲಿ ತಿರುಗುಬಾಣ. ಬ್ಯಾಟರಿ ಪೂರ್ತಿ ಸತ್ತಿದ್ರೆ ಕಂಪ್ಯೂಟರೇ ಏಳಲ್ಲ, ತಳ್ಳಿ ಏನುಪಯೋಗ? ಈ ಪಂಪಿಗೆ ಜಾರುಗುಣ ಬರೋದೇ ಡೀಸೆಲ್ಲಿನಿಂದ, ಸೀಮೆಎಣ್ಣೆ ಹಾಕಿದ್ರೆ ಲೋಹ ಸವೆದು ಪುಡಿ ಇಂಜೆಕ್ಟರಿಗೆ ಹೋಗುತ್ತೆ. ಈಥರ್ ಸ್ಪ್ರೇ ಕೆಂಪಗೆ ಕಾದ ಹೀಟರ್ ಪ್ಲಗ್ಗಿಗೆ ತಾಗಿದ್ರೆ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತೆ. ಮತ್ತೆ ಈಗಿನ ಕಾರುಗಳ ಟ್ಯಾಂಕು ಸಾಮಾನ್ಯವಾಗಿ ಪ್ಲಾಸ್ಟಿಕ್. ಬೆಂಕಿ ಮಾತು ದಯವಿಟ್ಟು ಬಿಡಿ.

ಹಾಗಾದ್ರೆ ಏನು ನೋಡಬೇಕು? ಕಿವಿ ಮತ್ತು ಹೊಗೆ. ಸೆಲ್ಫ್ ಹೊಡೆದಾಗ ಎಂಜಿನ್ ಸೋಮಾರಿ ಥರ ತಿರುಗಿದ್ರೆ ಬ್ಯಾಟರಿ, ಇನ್ನೊಂದು ಗಾಡಿಯಿಂದ ಕೇಬಲ್ ಹಾಕಿಸಿ. ಚೆನ್ನಾಗಿ ತಿರುಗಿ ಬಿಳಿ ಹೊಗೆ ಬರ್ತಿದ್ರೆ ಡೀಸೆಲ್ ಬರ್ತಿದೆ, ಹತ್ತುತ್ತಿಲ್ಲ ಅಂತ ಅರ್ಥ. ಲೊರಾಂಜ್ ಕಾಲದ ಅದೇ ಸಮಸ್ಯೆ. ಕೀ ಆನ್ ಮಾಡಿ, ಸುರುಳಿ ಗುರುತಿನ ದೀಪ ಆರೋವರೆಗೆ ಕಾಯಿರಿ, ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ. ಬಟನ್ ಗಾಡಿಯಾದ್ರೆ ಕ್ಲಚ್ಚು, ಬ್ರೇಕು ಒತ್ತದೆ ಬಟನ್ ಮಾತ್ರ ಒತ್ತಿ ಆನ್‌ಗೆ ತನ್ನಿ. ಆಗಲೂ ಆಗ್ಲಿಲ್ಲ ಅಂದ್ರೆ ಪ್ಲಗ್ಗು ಅಥವಾ ಅದರ ರಿಲೇ ಹೋಗಿದೆ. ಮಲ್ಟಿಮೀಟರ್ ಇಟ್ರೆ ಸರಿಯಿರೋ ಪ್ಲಗ್ ಒಂದೆರಡು ಓಮ್ ಒಳಗೆ ತೋರಿಸುತ್ತೆ, ಸತ್ತಿರೋದು ಏನೂ ತೋರಿಸಲ್ಲ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಮಧ್ಯೆ ಬಿಡುವು ಕೊಡಿ.

ಚೆನ್ನಾಗಿ ತಿರುಗ್ತಿದೆ, ಹೊಗೆಯೇ ಇಲ್ಲ. ಇದು ಮೂರನೇ ಜಾತಿ, ಎಂಜಿನ್ನಿನ ತಪ್ಪೇ ಅಲ್ಲ. ಡೀಸೆಲ್ಲಿನಲ್ಲಿ ಮೇಣ ಇರುತ್ತೆ. ಚಳಿಗೆ ಅದು ಹರಳುಗಟ್ಟಿ ಫಿಲ್ಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ, ಹಾಗೆ. ನಮ್ಮ ಬಿಐಎಸ್ ಮಾನಕದಲ್ಲಿ ಡೀಸೆಲ್ ಫಿಲ್ಟರಿನಲ್ಲಿ ಕಟ್ಟಿಕೊಳ್ಳೋ ತಾಪದ ಮಿತಿ ಬೇಸಿಗೆಗೆ 18 ಡಿಗ್ರಿ, ಚಳಿಗಾಲಕ್ಕೆ 6 ಡಿಗ್ರಿ. ಬಂಕಿನ ಡೀಸೆಲ್ ಎಷ್ಟೋ ಸಲ ಇದಕ್ಕಿಂತ ಚೆನ್ನಾಗಿರುತ್ತೆ, ಆದರೆ ಮೈನಸ್ಸಿನಲ್ಲಿ ಹರಿದೇ ಹರಿಯುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ. ಇದಕ್ಕೆ ಇರೋ ಮದ್ದು ಬಿಸಿಲು. ಗಾಡಿಯನ್ನ ಬಿಸಿಲಿಗೆ ತಳ್ಳಿ, ಫಿಲ್ಟರ್ ಬೆಚ್ಚಗಾಗೋವರೆಗೆ ಚಹಾ ಕುಡೀರಿ.

ಲಡಾಖ್, ಕಾಜಾ, ಕೇಲಾಂಗ್ ಕಡೆಯವರು ಚಳಿಗಾಲವಿಡೀ ಇದರ ಜೊತೆ ಗುದ್ದಾಡ್ತಿದ್ರು, ಸೀಮೆಎಣ್ಣೆ ಬೆರೆಸೋದು ಅಲ್ಲಿ ಮಾಮೂಲಾಗಿತ್ತು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಪಾಣಿಪತ್ ರಿಫೈನರಿಯಲ್ಲಿ ಮಾಡಿದ ಚಳಿಗಾಲದ ವಿಶೇಷ ಡೀಸೆಲ್ ಬಿಡುಗಡೆ ಮಾಡ್ತು. ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತೆ. ಆ ಕಡೆ ಹೋಗೋರು ಕೆಳಗಿಂದ ಟ್ಯಾಂಕ್ ಫುಲ್ ಮಾಡಿಸ್ಕೊಂಡು ಹೋಗಬೇಡಿ. ಅರ್ಧ ಖಾಲಿ ಇಟ್ಟುಕೊಂಡು, ಚಳಿಗಾಲದ ಡೀಸೆಲ್ ಸಿಗುತ್ತಾ ಅಂತ ಮೇಲಿನ ಬಂಕಲ್ಲಿ ಕೇಳಿ ಅಲ್ಲೇ ತುಂಬಿಸಿ. ತುಂಬಿಸಿದ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿಯೇ ರಾತ್ರಿಗೆ ನಿಲ್ಲಿಸಿ, ಪೈಪಿನಲ್ಲೂ ಫಿಲ್ಟರಿನಲ್ಲೂ ಹಳೇ ಡೀಸೆಲ್ ಉಳಿದಿರುತ್ತೆ.