ಅಜ್ಜನ ಕಾರ್ಬೈಡ್ ದೀಪ

ನಮ್ಮ ಅಕ್ಕನ ಮಗ ಮೇಘಾಲಯದ ಗುಹೆಗಳೊಳಗ ಇಳೀಲಿಕ್ಕೆ ಹೊಂಟಾನ. ಮೊನ್ನೆ ಫೋನ್ ಮಾಡಿ, "ಮಾಮಾ, ತಲಿಗೆ ಕಟ್ಟೋ ದೀಪ ತೊಗೋಬೇಕು. ಎಲ್ಲಾದಕ್ಕಿಂತ ಭಾಳ ಬೆಳಕಿಂದು ಯಾವ್ದು?" ಅಂದ. ಅವನ ಹಿಂದ ಅಕ್ಕ, "ಹೋಗಬ್ಯಾಡ ಅಂತ ನೀನರೆ ಹೇಳೋ" ಅಂತ ಒದರಾಕತ್ತಿದ್ಲು.

ನಾನು ಗುಹೆ ಹೊಕ್ಕಾಂವ ಅಲ್ಲ. ಆದ್ರ ನಮ್ಮ ಅಟ್ಟದ ಮ್ಯಾಲೆ ಅಜ್ಜನ ಸೈಕಲ್ಲಿನ ಕಾರ್ಬೈಡ್ ದೀಪ ಇನ್ನೂ ಅದ. ಕೆಳಗಿನ ಡಬ್ಬಿಯೊಳಗ ಕಾರ್ಬೈಡ್ ಹಳ್ಳು, ಮ್ಯಾಲಿನದ್ರಾಗ ನೀರು. ನೀರು ಹನಿ ಹನಿ ಬಿದ್ದಂಗ ಅಸಿಟಿಲೀನ್ ಗ್ಯಾಸ್ ಹುಟ್ಟತದ, ಸಣ್ಣ ತೂತಿನಿಂದ ಬಂದು ಬೆಳ್ಳಗ ಉರೀತದ. (ಮಾವಿನಕಾಯಿ ಕಳ್ಳತನದಿಂದ ಹಣ್ಣು ಮಾಡ್ತಾರಲ್ಲ, ಅದೇ ಕಾರ್ಬೈಡ್. ಬಳ್ಳೊಳ್ಳಿಯಂಥಾ ಆ ವಾಸನಿ ನಿಮಗೂ ಗೊತ್ತಿರಬೇಕು.)

1892ರಾಗ ಅಮೆರಿಕಾದ ನಾರ್ತ್ ಕೆರೊಲೈನಾದೊಳಗ ಥಾಮಸ್ ವಿಲ್ಸನ್ ಅನ್ನೋವಾ ಬ್ಯಾರೆ ಏನೋ ಲೋಹ ಮಾಡ್ಲಿಕ್ಕೆ ಹೋಗಿ, ಸುಣ್ಣ ಮತ್ತು ಇದ್ದಲಿ ವಿದ್ಯುತ್ ಕುಲುಮಿಯೊಳಗ ಕಾಸಿ, ಇದನ್ನ ಸೋವಿಯಾಗಿ ಮಾಡೋ ದಾರಿ ಕಂಡ. 1900ರಾಗ ಫ್ರೆಡರಿಕ್ ಬಾಲ್ಡ್ವಿನ್ ದೀಪಕ್ಕ ಪೇಟೆಂಟ್ ತೊಗೊಂಡ. ಸೈಕಲ್ಲಿನಿಂದ ಗಣಿಗೆ, ಗಣಿಯಿಂದ ಗುಹೆಗೆ ಹೋತು ಅದು.

ಗುಹೆಯವರಿಗೆ ಅದರ ಮ್ಯಾಲೆ ಯಾಕ ಅಷ್ಟು ಪ್ರೀತಿ ಅಂದ್ರ, ಕೆಟ್ರ ಅಲ್ಲೇ ಕೂತು ರಿಪೇರಿ ಮಾಡಬಹುದಿತ್ತು. ತೂತು ಕಟ್ಟಿದ್ರ ತಂತಿ ಹಾಕಿ ಬಿಡಿಸೂದು, ನೀರು ಮುಗದ್ರ ಗುಹೆಯಾಗಿಂದs ತುಂಬೂದು, ಥಂಡಿ ಆದ್ರ ಅದಕ್ಕs ಕೈ ಕಾಸೂದು. ಆದ್ರ ಜಲಪಾತದ ಹನಿಗೆ ಆರತಿತ್ತು, ನೈಲಾನ್ ಹಗ್ಗ ಸುಡೋ ಹೆದರಿಕಿ ಇತ್ತು, ಉಳಿದ ಸುಣ್ಣ ಅಲ್ಲೇ ಸುರುವಿ ಗುಹೆ ಹೊಲಸು ಮಾಡಿದವರೂ ಇದ್ರು.

1993ರಾಗ ನೀಲಿ ಎಲ್‌ಇಡಿ ಬಂತು, ಅದರ ಬೆನ್ನಿಗೇ ಬಿಳಿ ಬೆಳಕು. ಅಲ್ಲಿಗೆ ಕಾರ್ಬೈಡಿನ ಕಾಲ ಮುಗೀತು.

ನನಗ ಮಾತ್ರ ನೆನಪಾದಾಂವ ನಾರ್ಬರ್ಟ್ ಕ್ಯಾಸ್ಟರೆ. 1922ರಾಗ ಫ್ರಾನ್ಸಿನ ಮಾಂಟೆಸ್ಪಾನ್ ಗುಹೆಯೊಳಗ ಮಾಡು ನೀರಿಗೆ ಮುಟ್ಟಿದ ಕಡೆ ಒಬ್ಬನೇ ಮುಳುಗಿ ಆಚೆಗೆ ಎದ್ದಾಂವ. ಹೊತ್ತಿಸಲಿಕ್ಕೆ ಇದ್ದದ್ದು ಮೇಣಬತ್ತಿ ಮತ್ತು ಕಡ್ಡಿ, ಅವು ತೋಯಬಾರದಂತ ಈಜಿನ ರಬ್ಬರ್ ಟೊಪಿಗಿಯೊಳಗ ಇಟ್ಟಿದ್ದ. ಮರುವರ್ಷ ಅಲ್ಲೇ ಮಣ್ಣಿನ ಕರಡಿ ಸಿಕ್ಕಿತು, ಸಾವಿರಾರು ವರ್ಷದ ಹಳೇದು.

ಅದಕ್ಕs ಅಳಿಯಗ ಹೇಳಿದೆ: "ಡಬ್ಬಿ ಮ್ಯಾಲೆ ಬರೆದ ಲ್ಯೂಮೆನ್ ನೋಡಬ್ಯಾಡ. ಪೂರ್ತಿ ಬೆಳಕು ಬಿಟ್ರ ಬ್ಯಾಟರಿ ಬಡಾ ಬಡಾ ಮುಗೀತದ. ಕಡಿಮಿ ಬೆಳಕಿನಾಗ ಎಷ್ಟು ತಾಸು ಅಂತ ನೋಡು. ಬ್ಯಾಟರಿ ಬಿಚ್ಚಿ ಬದಲಿಸೋ ಹಂಗಿರಲಿ. 18650 ಅನ್ನೋ ಲಿಥಿಯಂ ಸೆಲ್ ಆದ್ರ ಹೆಚ್ಚಿನವು ಒಂದೊಂದು ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕು, ವಿಮಾನದಾಗ ಕೈಚೀಲದಾಗs ಇಡು. ಮತ್ತ ದೀಪ ಒಂದಲ್ಲ, ಮೂರು. ಗುಹೆಯವರ ಹಳೇ ಕಟ್ಟಳಿ ಅದು."

"ಮೂರು ತೊಗೊಳ್ಳಿಕ್ಕೆ ರೊಕ್ಕ ಎಲ್ಲೈತಿ ಮಾಮಾ?" ಅಂದ.

ಎರಡು ಅವನs ತೊಗೊಂಡ. ಮೂರನೇದು, ಕರೆಂಟ್ ಹೋದಾಗ ನಾವು ತಲಿಗೆ ಕಟ್ಟಿಕೊಂಡು ಊಟ ಮಾಡ್ತಿದ್ದದ್ದು, ನಿನ್ನೆ ಕೊರಿಯರ್ ಮಾಡೀನಿ. ಅಕ್ಕ ಇನ್ನೂ ನನ್ನ ಜೋಡಿ ಮಾತಾಡವಲ್ಲಳು.