ಓದು ಮನೆಯಲ್ಲಿ, ತಾಳ ಗುಂಪಿನಲ್ಲಿ

ಬ್ಯಾಡಗಿ ಮೆಣಸಿನಕಾಯಿ ಸೀಜನ್ ಜೋರಿದ್ದಾಗ ತರಬೇತಿಗೆಂದು ಊರು ಬಿಡುವವರು ಯಾರು? ಹಾವೇರಿ, ರಾಣೆಬೆನ್ನೂರು ಕಡೆ ಚರ್ಚಿನಲ್ಲಿ ಭಾನುವಾರ ಹಾಡಿಸುವವರಿಗೂ ಸೋಮವಾರ ದುಡಿಮೆ ತಪ್ಪದು.

1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಸೆಮಿನರಿ ಇದ್ದದ್ದು ದೂರದ ಮಂಗಳೂರಿನಲ್ಲಿ. ಆದರೆ ನಿಘಂಟಿನ ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮದೇ ಹಾಡಿನ ಧಾಟಿಯಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ಕಿವಿಗೆ ಗೊತ್ತಿರುವ ಧಾಟಿಯಾದರೆ ಅರ್ಧ ಕಲಿಕೆ ಮನೆಯಲ್ಲೇ ಮುಗಿದಂತೆ.

1963ರಲ್ಲಿ ಗ್ವಾಟೆಮಾಲಾ ದೇಶದ ಸೆಮಿನರಿಯೊಂದು ಪಾಠವನ್ನೇ ವಿದ್ಯಾರ್ಥಿಗಳ ಊರಿಗೆ ಒಯ್ದಿತು. 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟಾಫ್ಟಿ ಸಂಸ್ಥೆಯದೂ ಅದೇ ದಾರಿ: ಚರ್ಚಿನ ಕೆಲಸ ಮಾಡುವವರು ಪಾಠವನ್ನು ಮನೆಯಲ್ಲಿ ಓದಬೇಕು, ವಾರಕ್ಕೊಮ್ಮೆ ಗುಂಪಾಗಿ ಕೂತು ಚರ್ಚಿಸಬೇಕು.

ಆ ವಾರದ ಕೂಟವೇ ಮುಖ್ಯ ಅಂತೀವಿ ನಾವು. ತಾಳ ತಪ್ಪಿದರೆ ಪುಸ್ತಕ ಹೇಳುವುದಿಲ್ಲ. ಮೊಬೈಲ್ ನೋಡಿ ಕೀಬೋರ್ಡ್ ಕಲಿಯುವ ಹುಡುಗರಿಗೂ ಅದನ್ನು ಹೇಳುವವರು ಎದುರಿಗಿಲ್ಲ.