ಟೈರಿನ ಗೋಡೆ, ಕಾರಿನ ಗಾಜು

ನಮ್ಮ ಅಜ್ಜ ಕಟ್ಟಿಸಿದ ಮನೆಯ ತೊಲೆಗಳಲ್ಲಿ ಅಲ್ಲಲ್ಲಿ ತೂತುಗಳಿದ್ದವು. ಅವು ಯಾವುದೋ ಬಿದ್ದ ಮನೆಯಿಂದ ಕೊಂಡು ತಂದ ತೊಲೆಗಳು ಎಂದು ಅಜ್ಜಿ ಒಮ್ಮೆ ಹೇಳಿದ್ದಳು. ನೆಂಟರ ಮುಂದೆ ಬಾಯಿ ಬಿಡಬೇಡ ಎಂದೂ ಸೇರಿಸಿದ್ದಳು. ಅಮೆರಿಕದ ಅಲಬಾಮಾ ರಾಜ್ಯದ ‘ರೂರಲ್ ಸ್ಟುಡಿಯೋ’ದ ಬಗ್ಗೆ ಓದುವಾಗೆಲ್ಲ ಅಜ್ಜಿಯ ಆ ಸಂಕೋಚ ನೆನಪಾಗುತ್ತದೆ.

1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬಿ ಮತ್ತು ಡಿ.ಕೆ. ರೂತ್ ತಮ್ಮ ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಹೇಲ್ ಕೌಂಟಿ ಎಂಬ ಹಳ್ಳಿಗಾಡಿಗೆ ಕರೆದೊಯ್ದರು. ಅದು ಹತ್ತಿಯ ಸೀಮೆ. 1936ರಲ್ಲಿ ಲೇಖಕ ಜೇಮ್ಸ್ ಏಜಿ, ಛಾಯಾಗ್ರಾಹಕ ವಾಕರ್ ಇವಾನ್ಸ್ ಗೇಣಿದಾರರ ಬಡತನವನ್ನು ದಾಖಲಿಸಲು ಬಂದದ್ದೂ ಅಲ್ಲಿಗೇ. ಅರವತ್ತು ವರ್ಷಗಳ ನಂತರವೂ ಅಲ್ಲಿ ಸೋರುವ ಮನೆಗಳಿದ್ದವು. ವಿದ್ಯಾರ್ಥಿಗಳು ಅಲ್ಲೇ ಉಳಿದು, ತಾವು ಬರೆದ ನಕ್ಷೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕಿತ್ತು.

ದುಡ್ಡು ಕಡಿಮೆ, ಹಾಗಾಗಿ ಬಿಸಾಡಿದ್ದೇ ಬಂಡವಾಳ. ಒಬ್ಬ ವಿದ್ಯಾರ್ಥಿ ಒಡೆದ ಕಾಂಕ್ರೀಟು ತುಂಡುಗಳ ನಡುವೆ ಬಣ್ಣದ ಬಾಟಲಿಗಳನ್ನು ಕೂರಿಸಿ, ಮಾಂಸಕ್ಕೆ ಹೊಗೆ ಹಾಕುವ ಪುಟ್ಟ ಗುಡಿಸಲು ಕಟ್ಟಿದ. ಬಿಸಿಲು ಬಿದ್ದರೆ ಒಳಗೆಲ್ಲ ಬಣ್ಣ. 1995ರ ಯಾನ್ಸಿ ಚಾಪೆಲ್‌ನ ಗೋಡೆಗೆ ಸುಮಾರು ಸಾವಿರ ಹಳೆಯ ಟೈರು ಹೋದವು. ಟೈರು ಪುಕ್ಕಟೆ ಸಿಗಬಹುದು, ಶ್ರಮ ಪುಕ್ಕಟೆಯಲ್ಲ: ಒಂದೊಂದರೊಳಗೂ ಮಣ್ಣು ತುಂಬಿ, ಕಲ್ಲಿನಂತಾಗುವ ತನಕ ಕುಟ್ಟಬೇಕು. ಮೇಲೆ ಗಾರೆ ಬಳಿದರೆ ಟೈರೆಂದು ಯಾರಿಗೂ ತಿಳಿಯದು. ಮೇಸನ್ಸ್ ಬೆಂಡ್ ಎಂಬ ಊರಿನ ಸಮುದಾಯ ಭವನಕ್ಕೆ 2000ದಲ್ಲಿ ಗುಜರಿ ಅಂಗಡಿಯಿಂದ ಕಾರುಗಳ ಮುಂಗಾಜು ತಂದರು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಜೋಡಿಸಿದ ಆ ಎಂಬತ್ತು ಗಾಜುಗಳು ಮಣ್ಣಿನ ದಪ್ಪ ಗೋಡೆಯ ಮೇಲೆ ನಿಂತಿರುವ ಚಿತ್ರ ನೋಡಿದರೆ ಗುಜರಿ ಎನ್ನಲು ನಾಲಿಗೆ ಏಳುವುದಿಲ್ಲ.

ಆದರೂ ನನಗೊಂದು ಪ್ರಶ್ನೆ ಇದ್ದೇ ಇತ್ತು. ವಿದ್ಯಾರ್ಥಿ ಕಟ್ಟಿ, ಪದವಿ ಪಡೆದು ಹೋಗುತ್ತಾನೆ. ಪ್ರಯೋಗ ಸೋತರೆ ಅದರೊಳಗೆ ಬಾಳಬೇಕಾದವರು ಯಾರು? ಸಾಮಾನು ಕೊಳ್ಳಲು ಶಕ್ತಿಯಿಲ್ಲದವನ ತಲೆಯ ಮೇಲೇ ಹೊಸ ವಿದ್ಯೆ ಪರೀಕ್ಷಿಸುವುದು ಸರಿಯೇ? ಇದಕ್ಕೆ ಸ್ಟುಡಿಯೋದಲ್ಲೇ ಒಂದು ಉತ್ತರ ಸಿಗುತ್ತದೆ. ಮೇಣ ಹಿಡಿದು ಮರುಬಳಕೆಗೂ ಬಾರದ ರಟ್ಟಿನ ಹೊರೆಗಳನ್ನು ಇಟ್ಟಿಗೆಯಂತೆ ಪೇರಿಸಿ ಅವರು ಒಂದು ಕೋಣೆ ಕಟ್ಟಿದರು. ಅದು ಬಡವರಿಗಲ್ಲ, ನ್ಯೂಬರ್ನ್‌ನಲ್ಲಿ ವಿದ್ಯಾರ್ಥಿಗಳು ತಾವೇ ಇರುವುದಕ್ಕೆ. ಆ ಒಂದು ಕೋಣೆಯಿಂದ ನನಗೆ ಅವರ ಮೇಲೆ ನಂಬಿಕೆ ಬಂತು.

ಮಾಕ್‌ಬಿ 2001ರ ಡಿಸೆಂಬರಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅಮೆರಿಕದ ವಾಸ್ತುಶಿಲ್ಪಿಗಳ ಸಂಘ 2004ರಲ್ಲಿ ಮರಣೋತ್ತರವಾಗಿ ಚಿನ್ನದ ಪದಕ ಕೊಟ್ಟಿತು. ಅವರ ನಂತರ ಹೊಣೆ ಹೊತ್ತ ಆಂಡ್ರ್ಯೂ ಫ್ರಿಯರ್ ಕಾಲದಲ್ಲಿ, 2005ರಿಂದ, ಸ್ಟುಡಿಯೋ ಇಪ್ಪತ್ತು ಸಾವಿರ ಡಾಲರಿನ ಮನೆಯ ಬೆನ್ನು ಹತ್ತಿತು. ಅಂಗಡಿಯಲ್ಲಿ ಸಿಗುವ ಮರ, ತಗಡು, ಊರಿನ ಮೇಸ್ತ್ರಿಯೂ ಕಟ್ಟಬಹುದಾದ ಸರಳ ನಕ್ಷೆ. ಚಿತ್ರಗಳಲ್ಲಿ ಅವು ಗಾಜಿನ ಭವನದಷ್ಟು ಸೊಗಸಿಲ್ಲ, ನಿಜ. ಆದರೆ ಅಂಥ ಮನೆಯಲ್ಲಿದ್ದಿದ್ದರೆ ನಮ್ಮಜ್ಜಿಗೆ ನೆಂಟರಿಂದ ಮುಚ್ಚಿಡುವಂಥದ್ದೇನೂ ಇರುತ್ತಿರಲಿಲ್ಲ. ಸಾವಿರ ಟೈರು ಕುಟ್ಟಿದ ಆ ಹುಡುಗರ ಮುಂದೆ ಕೂರಿಸಿದ್ದರೆ, ತೊಲೆಯ ಗುಟ್ಟನ್ನೂ ಹೇಳಿಬಿಡುತ್ತಿದ್ದಳೋ ಏನೋ.